ಖಾಲಿ ಬಾಟಲಿ ವಾಪಸ್ ಕಳಿಸಬಾರದು

ಇಲ್ಲಿ ಒಂದೆರಡು ವಿವರ ತಪ್ಪಿರಬಹುದು. ಅತ್ತೆ ಹಾಕಿದ್ದು ಮಾವಿನ ಉಪ್ಪಿನಕಾಯಿಯೋ ನಿಂಬೆಯದೋ ಎಂಬುದರಲ್ಲಿ ನನಗೂ ನನ್ನ ಗಂಡನಿಗೂ ಇಂದಿಗೂ ಒಮ್ಮತವಿಲ್ಲ. ನೆನಪೂ ಉಪ್ಪಿನಕಾಯಿಯ ಹಾಗೆ, ಇಟ್ಟಲ್ಲೇ ರುಚಿ ಬದಲಿಸುತ್ತದೆ. ಬಾಟಲಿಗಳು ಮಾತ್ರ ಕಣ್ಣಿಗೆ ಕಟ್ಟಿದಂತಿವೆ: ಕಂದು ಬಣ್ಣ, ದಪ್ಪ ಗಾಜು, ಬಿಗಿ ಮುಚ್ಚಳ.

ಸೇಡಂ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಪರಿಸರ ವಿಜ್ಞಾನ ಕಲಿಸುತ್ತೇನೆ. ನಮ್ಮ ಕ್ವಾರ್ಟರ್ಸಿನ ಹಿಂದೆ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿಯಿದೆ. ಅದರ ಕಲ್ಲು ಕಟ್ಟಡಗಳಿಗೆ ಹೋಯಿತು, ಕಟ್ಟಡಗಳ ಕಸ ಗುಂಡಿಗೆ ಬಂತು. ಒಡೆದ ಟ್ಯೂಬ್‌ಲೈಟು, ಸತ್ತ ಬ್ಯಾಟರಿ, ಪ್ರಯೋಗಾಲಯದ ಆಸಿಡ್ ಬಾಟಲಿ, ಎಲ್ಲವೂ ಬಯಲಲ್ಲೇ ಬಿದ್ದಿರುತ್ತಿದ್ದವು. ಅಪಾಯಕಾರಿ ತ್ಯಾಜ್ಯದ ಪಾಠಕ್ಕೆ ನಾನು ಪರದೆಯ ಮೇಲೆ ದೂರದೇಶದ ತಿಪ್ಪೆಗಳನ್ನು ತೋರಿಸುತ್ತಿದ್ದೆ. ಕಿಟಕಿ ತೆರೆದರೆ ಸಾಕಿತ್ತು. ಆದರೆ ವಾಸನೆ ಬರುತ್ತದೆಂದು ಅದನ್ನು ಮುಚ್ಚಿಸಿದ್ದವಳು ನಾನೇ.

ಒಂದು ದಿನ ಊಟಕ್ಕೆ ಬಡಿಸುತ್ತಿದ್ದ ಅತ್ತೆಯ ಕೈಯಲ್ಲಿ ಅಂಥದೇ ಆಸಿಡ್ ಬಾಟಲಿ ಕಂಡೆ, ಒಳಗೆ ಉಪ್ಪಿನಕಾಯಿ.

“ಅತ್ತಿ, ಇದ್ ಎಲ್ಲಿಂದ ತಂದ್ರಿ?”

“ಹಿಂದಿನ ಗುಂಡ್ಯಾಗಿಂದ. ಇಂಥಾ ಛಲೋ ಬಾಟ್ಲಿ ಒಗದಾರ ನೋಡವ್ವಾ, ನಿಮ್ಮ ಕಲ್ತ ಮಂದಿ! ಬೂದಿ ಹಚ್ಚಿ ತಿಕ್ಕೀನಿ. ಚೀಟಿ ಕೀಳೋದೇ ಭಾಳ ತ್ರಾಸಾತು.”

“ಚೀಟಿ ಮ್ಯಾಲ ತಲೆಬುರುಡಿ ಚಿತ್ರ ಇರಲಿಲ್ಲೇನ್ರಿ?”

“ಇತ್ತು. ನಾವೇನು ಚಿತ್ರ ತಿಂತೀವೇನು?”

ವಿಚಾರಿಸಿದರೆ, ಚಿತ್ತಾಪುರದ ಅವರ ತಮ್ಮ, ವಾಡಿಯ ತಂಗಿ, ಶಹಾಬಾದಿನ ಬೀಗರು, ಚಿಂಚೋಳಿಯ ಮಗಳು, ಎಲ್ಲರಿಗೂ ಒಂದೊಂದು ಬಾಟಲಿ ಉಪ್ಪಿನಕಾಯಿ ಹೋಗಿತ್ತು. ಆ ಮಗಳು, ಅಂದರೆ ನನ್ನ ನಾದಿನಿ, ಬಸುರಿ, ಹುಳಿಗೆ ಬಾಯಿ ನೀರೂರುವ ದಿನಗಳು. ಎಲ್ಲರಿಗೂ ಫೋನ್ ಮಾಡಿ, ಉಪ್ಪಿನಕಾಯಿ ಚೆಲ್ಲಿ ಬಾಟಲಿ ವಾಪಸ್ ಕಳಿಸಿ ಎಂದೆ. ನಾದಿನಿ ಮಾತ್ರ ಫೋನ್ ಎತ್ತಲಿಲ್ಲ.

ಗಾಬರಿಯಲ್ಲಿ ಒಂದು ಮಾತು ಮರೆತಿದ್ದೆ. ನಮ್ಮ ಕಡೆ ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಮರಳಿಸುವುದಿಲ್ಲ. ವಾಡಿಯ ಬಾಟಲಿ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ತುಂಬಿಕೊಂಡು ಬಂತು, ಶಹಾಬಾದಿನದು ತುಪ್ಪ. ಅತ್ತೆಯ ತಮ್ಮ, ಚಿತ್ತಾಪುರದ ಮಾವ, ತೊಗರಿಬೇಳೆ ತುಂಬಿಸಿ, “ಬರೀ ಬಾಟ್ಲಿ ಹ್ಯಾಂಗ ಕಳಸ್ಲಿ ಯವ್ವಾ? ಮಂದಿ ಏನಂದಾರು?” ಎಂದು ನನ್ನನ್ನೇ ಕೇಳಿದರು.

ಚಿಂಚೋಳಿಗೆ ನಾನೇ ಬಸ್ಸು ಹತ್ತಿದೆ. ನಾದಿನಿಯ ಕಿಟಕಿಯಲ್ಲಿ ಬಾಟಲಿ ಇತ್ತು. ಅದರೊಳಗೆ ಮನಿ ಪ್ಲಾಂಟ್ ಸೊಂಪಾಗಿ ಹಬ್ಬಿತ್ತು.

“ಉಪ್ಪಿನಕಾಯಿ ಎಲ್ಲಿ?”

“ಅವ್ವನ ಖಾರ ಯಾರ್ ತಿಂತಾರ ವೈನಿ? ಬಂದ ದಿನಾನೇ ಮಣ್ಣಾಗ ಮುಚ್ಚೀನಿ. ಅವ್ವಗ ಹೇಳಬ್ಯಾಡ್ರಿ ಮತ್ತ!”

ಹೇಳುವುದಿಲ್ಲವೆಂದು ಮಾತು ಕೊಟ್ಟು, ಇಲ್ಲಿ ಬರೆಯುತ್ತಿದ್ದೇನೆ. ಡಾಕ್ಟರು ಎಲ್ಲರನ್ನೂ ನೋಡಿ ಏನೂ ಆಗಿಲ್ಲವೆಂದರು.

ಬಾಟಲಿಗಳನ್ನು ತುಂಬಿದ್ದ ಹಾಗೆಯೇ ನಮ್ಮ ವಿಭಾಗದ ಮುಖ್ಯಸ್ಥರ ಮೇಜಿನ ಮೇಲೆ ಸಾಲಾಗಿ ಇಟ್ಟೆ. “ಊರ ತುಪ್ಪ ಏನ್ರಿ ಮೇಡಂ?” ಎನ್ನುತ್ತ ಅವರು ಮುಚ್ಚಳ ತೆರೆದು ಬೆರಳು ಅದ್ದುವುದರಲ್ಲಿದ್ದರು. ಬಾಟಲಿ ಎಲ್ಲಿಯದೆಂದು ಹೇಳಿದೆ. ಗುಂಡಿಯ ಬಗ್ಗೆ ನಾನು ಬರೆದುಕೊಟ್ಟಿದ್ದ ಮನವಿಗಳಿಗೆ ಆಗದ ಕೆಲಸವನ್ನು ಆ ತುಪ್ಪ ಮಾಡಿತು. ಈಗ ಗುಂಡಿಗೆ ಬೇಲಿ ಇದೆ, ಹಳೆಯ ಕಸ ಸ್ವಲ್ಪಸ್ವಲ್ಪವೇ ಲಾರಿ ಹತ್ತುತ್ತಿದೆ, ಆಸಿಡ್ ಬಾಟಲಿಗಳು ಬೀಗ ಹಾಕಿದ ಕೋಣೆಯಲ್ಲಿರುತ್ತವೆ. ಸಂಜೆ ಬೇಲಿಯ ಬಳಿ ಕುಳಿತ ಅತ್ತೆ, ಯಾರಾದರೂ ಕಸ ತಂದರೆ, “ಒಗೀಬ್ಯಾಡ್ರಿ! ನಮ್ಮ ಸೊಸೀನ್ ಕರೀತೀನಿ, ಪಾಠ ಮಾಡ್ತಾಳ!” ಎಂದು ಹೆದರಿಸುತ್ತಾರೆ. ಜನ ನಿಜಕ್ಕೂ ಹೆದರಿ ಓಡುತ್ತಾರೆ.

ಅಂದು ಬಾಟಲಿಗಳನ್ನು ಮನೆಗೆ ಮರಳಿ ತಂದಾಗ, ಅವುಗಳಲ್ಲಿ ಬಂದದ್ದನ್ನೆಲ್ಲ ಮಣ್ಣಿಗೆ ಹಾಕುವ ಹೊಣೆಯನ್ನು ಅತ್ತೆಯೇ ಹೊತ್ತಿದ್ದರು. ನಿನ್ನೆ ಊಟದಲ್ಲಿ ಶೇಂಗಾ ಹಿಂಡಿ ಎಷ್ಟು ರುಚಿಯಾಗಿತ್ತೆಂದರೆ ಎರಡು ಸಲ ಹಾಕಿಸಿಕೊಂಡೆ. ಮೂರನೆಯ ಸಲ ತಟ್ಟೆ ಚಾಚಿದಾಗ ಅನುಮಾನ ಬಂತು.

“ಅತ್ತಿ, ಇದು ವಾಡಿ ಹಿಂಡಿ ಅಲ್ಲ, ಹೌದಲ್ರೀ?”

ಅತ್ತೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.