ಹಂಡೆ ವಾಪಸಾತಿಯ ಠರಾವು

ದೊಡವಾಡದ ಲಗಮಪ್ಪನಿಗೆ ಆ ಯೋಚನೆ ಹೊಳೆದದ್ದು ರೊಟ್ಟಿ ಮುರಿಯುತ್ತ ಟಿ.ವಿ. ನೋಡುವಾಗ. ಯಾವುದೋ ಸರ್ಕಾರ ತನ್ನ ಜನರ ಹಣವನ್ನೆಲ್ಲ ವೈರಿ ದೇಶಗಳಿಂದ ವಾಪಸು ತೆಗೆಯುತ್ತಿತ್ತಂತೆ.

"ನೋಡಿದೇನ? ನಮ್ಮ ಓಣಿ ಬಂಡವಾಳ ಎಲ್ಲೈತಿ? ವೈರಿ ಮನ್ಯಾಗ!" ಎಂದ ಹೆಂಡತಿಗೆ.

ಬಂಡವಾಳವೆಂದರೆ ಓಣಿಯವರು ಮನೆಗಿಷ್ಟೆಂದು ಪಟ್ಟಿ ಎತ್ತಿ ಕೊಂಡ ಎರಡು ದೊಡ್ಡ ಹಂಡೆ, ನಾಲ್ಕು ಪರಾತ. (ಓಣಿಯ ಪಂಚರಲ್ಲಿ ಹಿರಿಯ ಲಗಮಪ್ಪನೇ.) ವೈರಿಯೆಂದರೆ ಎದುರುಮನೆಯ ಶೆಟ್ಟೆವ್ವ. ಅವಳ ಬಚ್ಚಲ ನೀರು ಇವನ ಬಾಗಿಲಿಗೆ ಹರಿದು, ಯುದ್ಧ ಘೋಷಣೆಯಾಗಿ ತಿಂಗಳಾಗಿತ್ತು.

"ಆಕಿ ದಿನಾ ಸಂಜಿಕೆ ನಿಮ್ಮವ್ವಗ ನುಚ್ಚು ತಂದು ಉಣಸ್ತಾಳ್ರಿ," ಎಂದಳು ಇಂದ್ರವ್ವ. "ನನ್ನ ಕೈಲೆ ಒಂದ್ ತುತ್ತೂ ಉಣ್ಣೂದಿಲ್ಲ ಆ ಮುದುಕಿ."

"ಆ ಆಮದೂ ಬಂದ್!"

ಠರಾವು ತಯಾರಾಯಿತು: 'ಓಣಿಯ ಪಾತ್ರೆಗಳು ಇನ್ನು ಮುಂದೆ ವೈರಿ ಮನೆಯ ಒಲೆ ಏರತಕ್ಕದ್ದಲ್ಲ.' ಉಳಿದ ಪಂಚರು ಚಹಾ ಕುಡಿದು ಸಹಿ ಹಾಕಿದರು. ಶೆಟ್ಟೆವ್ವ ಜಗಳಾಡಲಿಲ್ಲ. ಲಗಮಪ್ಪ ಮರೆತಿದ್ದ ಸೌಟನ್ನೂ ತಂದುಕೊಟ್ಟು ಬಾಗಿಲು ಹಾಕಿಕೊಂಡಳು.

ಹಂಡೆಗಳು ಪಡಸಾಲೆ ತುಂಬಿದವು. ಅವ್ವ ಮಲಗುತ್ತಿದ್ದ ಹೊರಸು ಮೂಲೆಗೆ ಸರಿಯಿತು.

"ಶೆಟ್ಟೆವ್ವ ಬರಲಿಲ್ಲೇನೋ?" ಅವ್ವ ದಿನವೂ ಸಂಜೆ ಕೇಳುತ್ತಿದ್ದಳು.

"ಬರ್ತಾಳ ತಗೋಬೇ," ಎಂದು ಲಗಮಪ್ಪ ಸುಳ್ಳು ಹೇಳುತ್ತಿದ್ದ. ಇಂದ್ರವ್ವನ ತುತ್ತಿಗೆ ಅವ್ವ ಬಾಯಿ ತೆರೆಯುತ್ತಿರಲಿಲ್ಲ. ಐದನೆಯ ದಿನ ಬೆಳಿಗ್ಗೆ ಅವಳು ಕಣ್ಣನ್ನೂ ತೆರೆಯಲಿಲ್ಲ.

ಸಿರಸಂಗಿಯಿಂದ, ಹೂಲಿಯಿಂದ ಬೀಗರು ಬಂದಿಳಿದರು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಬಂದವರಿಗೆ ನೆರೆಯವರೇ ಅಡುಗೆ ಮಾಡಿ ಹಾಕಬೇಕು. ಆದರೆ ಓಣಿಯ ಪಾತ್ರೆಗಳೆಲ್ಲ ಬೆಂಕಿ ಕಾಣಬಾರದ ಆ ಮನೆಯಲ್ಲೇ ಭದ್ರವಾಗಿದ್ದವು. ಇಡೀ ಓಣಿಯಲ್ಲಿ ಅಂಥ ಹಂಡೆ ಹಿಡಿಯುವ ಒಲೆ ಇದ್ದದ್ದು ಒಂದೇ ಅಂಗಳದಲ್ಲಿ.

"ಠರಾವು ಓದ್ಲೇನ್ರಿ?" ಇಂದ್ರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅಷ್ಟರಲ್ಲಿ ಬಾಗಿಲಲ್ಲಿ ಶೆಟ್ಟೆವ್ವ. "ಒಲಿ ಹೊತ್ತಿಸೇನಿ. ಹಂಡೆ ಹೊತ್ಕೊಂಡ್ ಬಾರೋ ಲಗಮಾ. ಮಣ್ಣು ಮುಗಿಸಿ ಬಂದ ಮಂದಿ ಹಸ್ತಿರ್ತಾರ."

ಲಗಮಪ್ಪ ಹಂಡೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೊರಟ. ಅದು ಕಣ್ಣು ದಾಟಿ ಮೂಗಿನವರೆಗೆ ಇಳಿಯಿತು. ದಾರಿ ಕಾಣದೆ, ತಿಂಗಳಿಂದ ಹೋರಾಡುತ್ತಿದ್ದ ಅದೇ ಬಚ್ಚಲ ನೀರಿನ ಕೆಸರಿನಲ್ಲಿ ಮೊಣಕಾಲವರೆಗೆ ಹೂತುಹೋದ. ಯಾರೂ ನಗಲಿಲ್ಲ. (ನಕ್ಕಿದ್ದರೆ ಅವನಿಗೆ ಹಗುರಾಗುತ್ತಿತ್ತು.)

ಮಣ್ಣು ಮುಗಿಸಿ ಎಲ್ಲರೂ ಬಂದು ಸಾಲಾಗಿ ಕುಳಿತರು. ಶೆಟ್ಟೆವ್ವ ನುಚ್ಚಿನ ಮೊದಲ ಬಟ್ಟಲನ್ನು ಯಾರಿಗೂ ಕೊಡದೆ ಲಗಮಪ್ಪನ ಪಡಸಾಲೆಗೆ ಹೋಗಿ, ಮೂಲೆಯ ಖಾಲಿ ಹೊರಸಿನ ಮುಂದಿಟ್ಟಳು. "ಐದ್ ದಿನಾ ತಡಾ ಆತಬೇ," ಎಂದು ಕೈಮುಗಿದಳು.

ಆಮೇಲೆ ಲಗಮಪ್ಪನ ತಾಟಿಗೆ ಬಡಿಸಿದಳು. "ಉಣ್ಣೋ."

ನುಚ್ಚು ಬೆಣ್ಣೆಯಂತೆ ಬೆಂದಿತ್ತು. ಹಲ್ಲಿಲ್ಲದವರೂ ನುಂಗಬಹುದಿತ್ತು. ಲಗಮಪ್ಪ ತನ್ನ ತಾಟನ್ನು ಎತ್ತಿಕೊಂಡು ಹೋಗಿ ಅವ್ವನ ಬಟ್ಟಲಿನ ಪಕ್ಕದಲ್ಲಿಟ್ಟ.