ನಾನು ಕೊಟ್ಟ ಸುಳ್ಳು ಸೊನ್ನೆ

ಅನಘಾ, ಸುಹಾಸ, ನಿಮ್ಮ ಹಲಸೂರಿನ ಅಜ್ಜಿಯ ಎದುರು ಯಾರೂ ಹಾಯಾಗಿ "ಅಯ್ಯೋ" ಅನ್ನುವ ಹಾಗಿಲ್ಲ, ಗೊತ್ತೇ? ಅಂದರೆ ಸಾಕು, "ಹತ್ತಕ್ಕೆ ಎಷ್ಟು?" ಎಂದು ಕೇಳಿಬಿಡುತ್ತಾಳೆ! ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು. ನಿಮ್ಮ ತಾತನ ತಂಗಿ ಅವಳು, ನನಗೆ ನಾದಿನಿ. ಶಿವಾಜಿನಗರದ ಹತ್ತಿರ ಒಂದು ನರ್ಸಿಂಗ್ ಕಾಲೇಜಿನಲ್ಲಿ, ರೋಗಿಯ ನೋವನ್ನು ಅಳೆಯುವುದು ಹೇಗೆ, ಇಳಿಸುವುದು ಹೇಗೆ ಎಂದು ಕಲಿಸುತ್ತಾಳೆ. ಸರಿ, ಕಲಿಸಲಿ. ಕಾಲೇಜಿನ ಗೇಟು ದಾಟಿದ ಮೇಲಾದರೂ ಸುಮ್ಮನಿರಬೇಡವೇ?

ಒಮ್ಮೆ ನಾವಿಬ್ಬರೂ ಹೋಗುತ್ತಿದ್ದ ಆಟೋದ ಡ್ರೈವರು ಸೊಂಟ ಹಿಡಿದುಕೊಂಡ. ಕೇಳಿಯೇಬಿಟ್ಟಳು. ಚುಚ್ಚುತ್ತೋ, ಉರಿಯುತ್ತೋ, ಕಾಲಿಗೆ ಇಳಿಯುತ್ತೋ ಎಂದು ಇಂದಿರಾನಗರ ಬರುವ ತನಕ ವಿಚಾರಣೆ! ಕೊನೆಗೆ ಆತ, "ಮೇಡಂ, ನೀವು ಕೂತ್ಕೊಂಡಾಗ ನಾಕಿತ್ತು. ಈಗ ತಲೆನೋವೂ ಸೇರಿ ಎಂಟಾಯ್ತು!" ಎಂದ.

ಅವಳಿಗೆ ಬೇಸರವೇ ಇಲ್ಲ. "ನೋಡಿ ಅತ್ತಿಗೆ, ಎಷ್ಟು ಸ್ಪಷ್ಟವಾಗಿ ಹೇಳ್ದ! ನಿಮ್ಮ ಬಾಯಲ್ಲಿ ಯಾವತ್ತಾದ್ರೂ ಒಂದು ನಂಬರ್ ಬಂದಿದ್ಯಾ?"

ಅವಳ ಫ್ರಿಜ್ಜಿನ ಮೇಲೆ ಆರು ಮುಖಗಳ ಚಾರ್ಟು ಬೇರೆ. ಮೊದಲನೆಯದು ನಗುತ್ತದೆ, ಕೊನೆಯದು ಗೊಳೋ ಎಂದು ಅಳುತ್ತದೆ. ಮಾತಾಡಲಾಗದ ರೋಗಿ ಒಂದು ಮುಖ ತೋರಿಸಿದರೆ ಸಾಕಂತೆ. ನನಗೋ ಅಲ್ಲಿ ಹಾಲು ತೆಗೆಯಲೂ ಸಂಕೋಚ, ಆರು ಜನ ನೋಡುತ್ತಿರುವ ಹಾಗೆ!

ಇಂಥ ನನ್ನನ್ನೇ ಅವಳು ಪ್ರಾಕ್ಟಿಕಲ್ ಪರೀಕ್ಷೆಗೆ ರೋಗಿಯಾಗಿ ಎಳೆದೊಯ್ದಳು. "ಸುಮ್ನೆ ಮಲ್ಕೊಳ್ಳಿ ಅತ್ತಿಗೆ. ಕೇಳಿದ್ದಕ್ಕೆ ನಿಜ ಹೇಳಿ, ಅಷ್ಟೇ."

ನಿಜವಾಗಿಯೂ ನನ್ನ ಮಂಡಿ ಕೆಲವು ತಿಂಗಳಿಂದ ಜೀವ ಹಿಂಡುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಕೆ.ಆರ್. ಪುರದ ನಮ್ಮ ಮನೆಬಾಗಿಲಲ್ಲಿ ರಂಗೋಲಿ ಹಾಕುವುದನ್ನು ಬಿಟ್ಟು, ಸ್ಟಿಕ್ಕರ್ ಅಂಟಿಸಿ, "ಇದೇ ಚೆಂದ" ಎಂದಿದ್ದೆ.

ತರಗತಿಯವರೆಲ್ಲ ಸುತ್ತ ನಿಂತಿದ್ದರು. ಮುಂದೆ ಬಂದ ಹುಡುಗಿ ನೋವೆಲ್ಲಿ ಎಂದು ಕೇಳಿದಾಗ ಮಂಡಿ ತೋರಿಸಲೇಬೇಕಾಯಿತು. ಮಂಡಿಯ ಕೆಳಗೆ ದಿಂಬಿಟ್ಟಳು, ಬಿಸಿನೀರಿನ ಚೀಲ ಇಟ್ಟಳು.

"ಅಜ್ಜಿ, ಈಗ ನೋವು ಎಷ್ಟಿದೆ?"

ನಾನು ಹಳ್ಳಿಶಾಲೆಯಲ್ಲಿ ಓದಿದವಳು, ಪರೀಕ್ಷೆಯ ಭಯ ಬಲ್ಲೆ. ನೋವು ಉಳಿದಿದೆ ಎಂದರೆ ಮಗು ಫೇಲಾಗುವುದಿಲ್ಲವೇ? ಧಾರಾಳವಾಗಿ ಹೇಳಿದೆ: "ಸೊನ್ನೆ ಕಣಮ್ಮಾ!"

ಅವಳು ಸಂತೋಷದಿಂದ ಬರೆದುಕೊಂಡಳು. ನಾದಿನಿ ಕನ್ನಡಕ ತೆಗೆದಳು.

"ಮಂಚದ ಕಂಬೀನ ಹೇಗೆ ಹಿಡ್ಕೊಂಡಿದಾರೆ, ನೋಡಿದ್ಯೇನಮ್ಮಾ? ಬಾಯಿ ಹೇಳಿದ್ದನ್ನ ಮಾತ್ರ ಬರ್ಕೊಂಡ್ರೆ ಹೇಗೆ ಪಾಸ್ ಮಾಡ್ಲಿ?"

ಹುಡುಗಿಯ ಕಣ್ಣು ತುಂಬಿತು. ಪಾಸು ಮಾಡಿಸಲು ಹೋಗಿ ನಾನೇ ಫೇಲು ಮಾಡಿಸಿದ್ದೆ!

"ಅವಳದೇನು ತಪ್ಪು? ಸುಳ್ಳು ಹೇಳಿದ್ದು ನಾನು. ಇನ್ನೊಂದು ಸಲ ಕೇಳ್ಲಿ ಬಿಡೇ," ಎಂದೆ. ಅಷ್ಟು ಜನರ ಮುಂದೆ ನಾನು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಹುಡುಗಿ ಕಾಗದ ಪಕ್ಕಕ್ಕಿಟ್ಟು ನನ್ನ ಹತ್ತಿರ ಕುಳಿತಳು. "ಅಜ್ಜಿ, ಈ ಮಂಡಿಯಿಂದ ಯಾವ ಕೆಲಸ ಬಿಟ್ಬಿಟ್ರಿ?"

"ರಂಗೋಲಿ," ಎಂದೆ. "ಏಳು ಕಣಮ್ಮಾ. ಏಳಿದೆ."

ತರಗತಿಗೆ ತರಗತಿಯೇ ಚಪ್ಪಾಳೆ ತಟ್ಟಿತು. ಹುಡುಗಿ ಪಾಸು. ನಾನೂ ಜೀವಮಾನದಲ್ಲಿ ಹತ್ತಕ್ಕೆ ಏಳು ತೆಗೆದದ್ದು ಅವತ್ತೇ!

ಹೊರಗೆ ಬಂದಾಗ ಕೇಳಿದೆ, "ನಿಂಗೆ ಮೊದ್ಲೇ ಗೊತ್ತಿತ್ತೇನೇ?"

"ಸ್ಟಿಕ್ಕರ್ ನೋಡ್ದಾಗ್ಲೇ," ಎಂದು ನಕ್ಕಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಅಣ್ಣನೂ ಕೊನೇವರೆಗೂ 'ಏನಿಲ್ಲ' ಅಂತಿದ್ದ ಅತ್ತಿಗೆ. ಊರಿಗೆಲ್ಲ ಕಲಿಸೋ ನಾನು, ಅವನ ಬಾಯಿ ಮಾತನ್ನೇ ನಂಬಿಬಿಟ್ಟೆ."

ಅವಳು ಊರಿನವರನ್ನೆಲ್ಲ ಹಿಡಿದು ಹಿಡಿದು ಕೇಳುವುದೇಕೆಂದು ನನಗೆ ಆಗ ತಿಳಿಯಿತು.

ಮಕ್ಕಳೇ, ಮಂಡಿಗೆ ಚಿಕಿತ್ಸೆ ನಡೆದಿದೆ, ನಂಬರು ಮೂರಕ್ಕೆ ಇಳಿದಿದೆ. ಸ್ಟಿಕ್ಕರ್ ಕಿತ್ತು ಪುಟ್ಟದೊಂದು ರಂಗೋಲಿ ಹಾಕುತ್ತಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿಟ್ಟುಕೊಳ್ಳಿ. ಯಾವತ್ತಾದರೂ ನಾನು "ಏನಿಲ್ಲ, ಚೆನ್ನಾಗಿದ್ದೀನಿ" ಅಂದರೆ ಇವನ್ನು ತೆಗೆದು ಓದಿ, ಹತ್ತಿರ ಕುಳಿತು ಇನ್ನೊಂದು ಸಲ ಕೇಳಿ.