ನನ್ನ ಹೆಸರಿನ ಎಂಟು ಅಡಿ

ಗಾಡಿ ಉದ್ದವಾದದ್ದು ನನ್ನಿಂದಲ್ಲ. ಉದ್ದ ಬೇಕಾಗಿದ್ದದ್ದು ಅವರಿಗೆ, ಹೆಸರು ಹಾಕಿದ್ದು ನನ್ನದು. ಕಡಿಯುವ ಪಾಳಿ ಬಂದಾಗ ಮಾತ್ರ ಗಾಡಿಯ ಬಾಲದ ಜೊತೆಗೆ ನನ್ನನ್ನೂ ಕಡಿದು ಒಗೆಯಲು ನೋಡಿದರು. ನಡೆದದ್ದು ಇಷ್ಟೇ. ನಮ್ಮ ಮನೆಯಲ್ಲಿ ಇದನ್ನೇ ಬೇರೆ ತರಹ ಹೇಳುವವರಿದ್ದಾರೆ. ಅಳಿಯಂದಿರಂತೂ ಇದಕ್ಕೆ ‘ಕುಟುಂಬದ ಚರ್ಚೆ’ ಎನ್ನುತ್ತಾರೆ. ಎನ್ನಲಿ. ಅವರು ಹೈಸ್ಕೂಲಿನ ಮಾಸ್ತರರು, ಜಗಳಕ್ಕೂ ಒಳ್ಳೆಯ ಹೆಸರಿಡಲು ಬರುತ್ತದೆ. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಜಗಳಕ್ಕೆ ಜಗಳವೆಂದೇ ಹೇಳುತ್ತೇನೆ.

ಮನೆಯಲ್ಲಿ ಒಬ್ಬಳು ಮುದುಕಿ ಇದ್ದರೆ ಉಳಿದವರಿಗೆ ಬಹಳ ಅನುಕೂಲ. ತಮಗೆ ಬೇಕಾದದ್ದನ್ನೆಲ್ಲ ಆಕೆಯ ಹೆಸರಿನಲ್ಲಿ ತರಬಹುದು. ನಮ್ಮಲ್ಲಿ ಫ್ರಿಜ್ ಬಂದದ್ದು ನನ್ನ ಕಣ್ಣಿಗೆ ಹಾಕುವ ಹನಿ ಔಷಧಿಯನ್ನು ತಂಪಾಗಿ ಇಡಲಿಕ್ಕೆ. ಈಗ ಆ ಸೀಸೆಯನ್ನು ಹುಡುಕಬೇಕಾದರೆ ಮಾವಿನಹಣ್ಣು, ಐಸ್‌ಕ್ರೀಮು, ಎರಡು ದಿನದ ಸಾರು ಎಲ್ಲವನ್ನೂ ಸರಿಸಬೇಕು. ಕುರ್ಚಿಯಂಥ ಪಾಯಿಖಾನೆ ಕಟ್ಟಿಸಿದ್ದು ನನ್ನ ಮೊಣಕಾಲಿನ ಸಲುವಾಗಿ. ಮುಂಜಾನೆ ಅದರೊಳಗೆ ನನ್ನ ಮಗ ಮೊಬೈಲು ಹಿಡಿದು ಕುಳಿತನೆಂದರೆ ನನ್ನ ಮೊಣಕಾಲು ಹೊರಗೆ ಕಾಯುತ್ತ ನಿಂತಿರುತ್ತವೆ. ಟಿವಿ ದೊಡ್ಡದಾದದ್ದೂ ನನ್ನ ಕಣ್ಣಿನ ಸಲುವಾಗಿಯೇ. ಅದರಲ್ಲಿ ಬರುವುದು ಕ್ರಿಕೆಟ್ಟು. ಹಾಗಾಗಿ ‘ಅವ್ವನ ಸಲುವಾಗಿ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈಗ ಯಾರಿಗೋ ಏನೋ ಬೇಕಾಗಿದೆ ಎಂದು ನನಗೆ ತಿಳಿಯುತ್ತದೆ.

ನಾವಿರುವುದು ರಾಜೂರಿನಲ್ಲಿ. ಮಗ ಈರಣ್ಣ ಗಜೇಂದ್ರಗಡದಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಕಟ್ಟುವ ಅಂಗಡಿ ಇಟ್ಟಿದ್ದಾನೆ. ಯಾವುದೋ ಸಾಲಿಯ ಹಳೆಯ ಸಣ್ಣ ಬಸ್ಸೊಂದು ಅಲ್ಲಿ ಬಹಳ ದಿನದಿಂದ ಬಿದ್ದುಕೊಂಡಿತ್ತು. ಇಂಜಿನ್ನು ಚಲೋ ಇತ್ತು, ಮೈಯೆಲ್ಲ ತುಕ್ಕು. ನರಗುಂದದ ಅಳಿಯಂದಿರು ಮಹಾಂತೇಶ ಒಂದು ಭಾನುವಾರ ಬಂದವರು ಅದನ್ನು ನೋಡಿ, ಇದರ ಮೈ ಬಿಚ್ಚಿ ಮೇಲೆ ಮನೆ ಕಟ್ಟೋಣ ಎಂದರು. ಗಾಡಿಯೊಳಗೇ ಹಾಸಿಗೆ, ಒಲೆ, ನೀರಿನ ಟಾಕಿ. ಬೇಕಾದಲ್ಲಿ ಹೋಗಿ ನಿಲ್ಲಿಸುವುದು, ಅದರಲ್ಲೇ ಇರುವುದು. ಎಲ್ಲಿ ನಿಲ್ಲಿಸುವುದೆಂದರೆ ಅಣಶಿ, ನಾಗರಹೊಳೆ, ಬಂಡೀಪುರ, ಹೀಗೆ ದೊಡ್ಡ ದೊಡ್ಡ ರಾಷ್ಟ್ರೀಯ ಉದ್ಯಾನಗಳ ಅಂಚಿನಲ್ಲಿ. ಅಲ್ಲಿ ಇಂಥ ಗಾಡಿಗಳಿಗೆಂದೇ ಬಯಲು ಬಿಟ್ಟಿರುತ್ತಾರಂತೆ.

ನಾನು ಆಗಲೇ ಮನಸ್ಸಿನಲ್ಲಿ ಹೊರಟುಬಿಟ್ಟಿದ್ದೆ, ಸುಳ್ಳು ಹೇಳುವುದಿಲ್ಲ. ನಮ್ಮ ಗಜೇಂದ್ರಗಡದ ಹೆಸರಿನಲ್ಲಿ ಆನೆ ಇದೆ, ಊರಲ್ಲಿ ಇಲ್ಲ. ನಾನು ನೋಡಿದ ಆನೆಯೆಂದರೆ ಬಣ್ಣ ಬಳಿಸಿಕೊಂಡು ಮನೆ ಮನೆ ಮುಂದೆ ಬಾಳೆಹಣ್ಣಿಗೆ ಸೊಂಡಿಲು ಚಾಚುವಂಥದ್ದು. ಪಾಪ, ಅದಕ್ಕಿಂತ ನಮ್ಮ ಎಮ್ಮೆಗೆ ಹೆಚ್ಚು ಠೀವಿ. ಯಾರೂ ಹಿಡಿದುಕೊಂಡು ಬಾರದ, ತನ್ನಷ್ಟಕ್ಕೆ ತಾನೇ ಬರುವ ಆನೆಯೊಂದನ್ನು ಸಾಯುವ ಮೊದಲು ನೋಡಬೇಕೆಂದು ನನಗಿದೆ. ಇದರಲ್ಲಿ ಭಕ್ತಿಯೂ ಇಲ್ಲ, ಮತ್ತೊಂದೂ ಇಲ್ಲ. ನೋಡಬೇಕು, ಅಷ್ಟೇ.

ಗಾಡಿ ಎಷ್ಟು ಉದ್ದವಿರಬೇಕೆಂಬ ಮಾತು ಬಂದಾಗ ಈರಣ್ಣ ಇಪ್ಪತ್ತೆಂಟು ಅಡಿ ಎಂದ. ಚೇಸಿಸ್ಸು ಅಷ್ಟು ಉದ್ದವಿಲ್ಲ. ಹಿಂದಿನ ಗಾಲಿಯ ಆಚೆಗೆ ಕಬ್ಬಿಣ ಎಳೆದು ಬಾಲ ಬೆಳೆಸುತ್ತೇನೆ ಎಂದ. ಸುತ್ತಲಿನ ಹತ್ತೂರಿನಲ್ಲಿ ಇಂಥದ್ದು ಇನ್ನೊಂದು ಇರಬಾರದೆಂಬುದು ಅವನ ಆಸೆ. ಆದರೆ ಬಾಯಿಬಿಟ್ಟು ಹಾಗೆ ಹೇಳಲಿಲ್ಲ.

“ಅವ್ವಗ ಒಂದ ಸ್ವಂತ ಖೋಲಿ ಬೇಕಲ್ಲ,” ಎಂದ. “ಆಕೀಗೆ ಮಲಗಾಕ ಕಾಟಾ ಬೇಕು, ಪಾಯಿಖಾನಿ ಬೇಕು, ಅರಬಿ ಇಡಾಕ ಕಪಾಟ ಬೇಕು.”

“ಹೌದ್ರಿ, ಅತ್ತೀಗೆ ಆರಾಮ ಆಗಬೇಕ ನೋಡ್ರಿ,” ಎಂದಳು ಸೊಸೆ ಶಾಂತಾ. ಆ ಕಪಾಟಿನಲ್ಲಿ ಯಾರ ಸೀರೆ ಇರುತ್ತವೆಂದು ಆಕೆಗೂ ಗೊತ್ತು, ನನಗೂ ಗೊತ್ತು. ಹೀಗೆ ಬರೀ ಮಾತಿನಲ್ಲೇ ಗಾಡಿಯ ಹಿಂದೆ ಎಂಟು ಅಡಿ ನನ್ನ ಹೆಸರಿನಲ್ಲಿ ಬೆಳೆಯಿತು. ಹೊಲವೂ ನನ್ನ ಹೆಸರಿಗೆ ಇಷ್ಟು ಸಲೀಸಾಗಿ ಆಗಿರಲಿಲ್ಲ.

ಎಲ್ಲ ಗೊತ್ತುಮಾಡಿದ ಮೇಲೆ ಅಳಿಯಂದಿರಿಗೆ, ಗಾಡಿ ನಿಲ್ಲಿಸುವ ಜಾಗದವರನ್ನೇ ಒಂದು ಮಾತು ಕೇಳೋಣ ಎಂಬ ಬುದ್ಧಿ ಬಂತು. ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ನಡುವೆ ಇಟ್ಟರು. ಆ ಕಡೆಯವನು ದಕ್ಷಿಣದ ಕಡೆಯ ಮನುಷ್ಯ, ಮಾತು ಮೆತ್ತಗೆ.

“ಇಪ್ಪತ್ತು ಅಡಿ ಒಳಗಿದ್ರೆ ಬನ್ನಿ ಸಾರ್. ಅದಕ್ಕಿಂತ ಉದ್ದ ಇದ್ರೆ ಗೇಟ್ ಹತ್ರಾನೇ ನಿಲ್ಲಿಸ್ಬೇಕಾಗುತ್ತೆ. ಒಳಗೆ ಒಂದು ತಿರುವು ಇದೆ. ಮುಂದಿನ ಚಕ್ರ ತಿರುಗುತ್ತೆ, ಹಿಂದಿನ ಬಾಲ ಹೋಗಿ ಮರಕ್ಕೆ ಹೊಡೆಯುತ್ತೆ.”

“ಮರಾ ಒಂದೀಟ ಸವರಿದರ ಆಗಂಗಿಲ್ಲೇನ್ರಿ?” ಎಂದು ಈರಣ್ಣ ಬಹಳ ಸಹಜವಾಗಿ ಕೇಳಿದ.

 “ಇದು ನ್ಯಾಷನಲ್ ಪಾರ್ಕ್ ಸಾರ್,” ಎಂದು ಹೇಳಿ ಆ ಕಡೆಯವನು ಫೋನು ಇಟ್ಟ.

ಇಪ್ಪತ್ತೆಂಟರಲ್ಲಿ ಇಪ್ಪತ್ತು ಉಳಿಯಬೇಕಾದರೆ ಎಷ್ಟು ತೆಗೆಯಬೇಕೆಂದು ಮೂರನೆಯ ಇಯತ್ತೆಯವಳಿಗೂ ತಿಳಿಯುತ್ತದೆ.  ಈರಣ್ಣನೇ ಬಾಯಿ ತೆರೆದ. “ಅವ್ವಾ, ನೀ ನಾಕ ದಿನಾ ನರಗುಂದದಾಗ ಸರೋಜಾನ ಮನ್ಯಾಗ ಆರಾಮ ಇದ್ದಬಿಡು. ನಾವು ಅಡ್ಡಾಡಿ ಬಂದು ಕರಕೊಂಡ ಬರ್ತೀವಿ. ಅಡವ್ಯಾಗ ಥಂಡಿ ಭಾಳ.” ಸರೋಜಾ ನನ್ನ ಮಗಳು, ಅಳಿಯಂದಿರ ಹೆಂಡತಿ. ಆಕೆಗೆ ಬಸ್ಸಿನ ವಾಸನೆ ಆಗಿಬರುವುದಿಲ್ಲ, ಹೋಗುವವಳೇ ಅಲ್ಲ. ಅಂದರೆ ವಾಂತಿ ಮಾಡುವವಳನ್ನೂ ಮುದುಕಿಯನ್ನೂ ಒಂದೇ ಕಡೆ ಗಂಟು ಕಟ್ಟಿ ಇಟ್ಟ ಹಾಗಾಯಿತು.

“ಅತ್ತಿಯವರ ಹಿತಕ್ಕಾಗೇ ಹೇಳೂದ್ರಿ,” ಎಂದರು ಅಳಿಯಂದಿರು.

“ಅಳ್ಯಾರ, ಗಾಡಿ ಉದ್ದ ಮಾಡೂದೂ ನನ್ನ ಹಿತಕ್ಕ, ಗಿಡ್ಡ ಮಾಡೂದೂ ನನ್ನ ಹಿತಕ್ಕ. ನನ್ನ ಹಿತಾ ಏನ ರಬ್ಬರಿಂದ ಮಾಡೈತೇನ್ರಿ?” ಎಂದೆ. ಅವರು ಕನ್ನಡಕ ಒರೆಸಿಕೊಂಡರು. “ಇಪ್ಪತ್ತು ಅಡಿಯಾಗ ನಾ ಹಿಡಿಸೂದಿಲ್ಲ ಅಂತೀರಲ್ಲ, ಅಂಗಳದಾಗ ಗಾಡಿ ಬರೀರಿ. ಯಾರು ಹಿಡಿಸತಾರ, ಯಾರು ಹಿಡಿಸೂದಿಲ್ಲ ನೋಡೇಬಿಡೂಣು.”

ಈರಣ್ಣ ನಗುತ್ತ ಟೇಪು ತಂದ. ಶಾಂತಾ ಸುಣ್ಣದ ಪುಡಿ ತಂದಳು. ಇಪ್ಪತ್ತು ಅಡಿ ಉದ್ದ, ಏಳು ಅಡಿ ಅಗಲ; ಅಂಗಳದಲ್ಲಿ ಬಿಳಿ ಗೆರೆಯ ಗಾಡಿ ಎದ್ದಿತು. ಒಂದು ಕಡೆ ಬಾಗಿಲಿಗೆಂದು ಗೆರೆ ಬಿಟ್ಟರು. ಯಾರು ಯಾರು ಏನೇನು ಒಯ್ಯುತ್ತೀರೋ ಅದನ್ನೆಲ್ಲ ತಂದು ಒಳಗಿಡಿರಿ ಎಂದೆ. ಆಗ ನೋಡಬೇಕಿತ್ತು ಮಜಾ. ಶಾಂತಾ ಮಿಕ್ಸರ್ ತಂದಳು, ಇಸ್ತ್ರಿಪೆಟ್ಟಿಗೆ ತಂದಳು, ಚಕ್ಕುಲಿ ಡಬ್ಬಿ, ಅವಲಕ್ಕಿ ಡಬ್ಬಿ, ಆ ಡಬ್ಬಿ ಮುಗಿದರೆ ಇರಲೆಂದು ಇನ್ನೊಂದು ಡಬ್ಬಿ. ಈರಣ್ಣ ಇನ್ವರ್ಟರು, ಜಾಕು, ಸ್ಟೆಪ್ನಿ, ಯಾವುದಕ್ಕೂ ಇರಲೆಂದು ಸಣ್ಣದೊಂದು ವೆಲ್ಡಿಂಗ್ ಮಶಿನ್ನು. ಹುಲಿ ಬಂದರೆ ಬೆಸೆಯುವವನಿದ್ದನೋ ಏನೋ. ಅಳಿಯಂದಿರು ಮಡಚುವ ಕುರ್ಚಿ, ಮಡಚುವ ಮೇಜು, ಮಡಚಿದರೂ ಮಡಚದ ಒಂದು ಡೇರೆ. ಗಾಡಿಯೇ ಮನೆಯಾದಮೇಲೆ ಡೇರೆ ಯಾಕೆಂದು ನಾನು ಕೇಳಿದೆ. ಗಾಡಿಯ ಹೊರಗೆ ಹಾಕಿಕೊಂಡು ಕೂಡಲಿಕ್ಕಂತೆ. ನಾನು ಒಂದು ಕೌದಿ, ಒಂದು ಚೀಲ ತಂದು ಮೂಲೆಯಲ್ಲಿಟ್ಟೆ.

ಅಷ್ಟರಲ್ಲಿ ಬಾಜೂ ಮನೆಯ ಗಂಗವ್ವ ಮೊಸರಿನ ಪಾತ್ರೆ ಹಿಡಿದುಕೊಂಡು ಸೀದಾ ಗೆರೆ ದಾಟಿ ಒಳಗೆ ಬಂದಳು.

“ಏ ಗಂಗೀ, ಗ್ವಾಡ್ಯಾಗಿಂದ ಬರ್ತೀಯಲ್ಲ, ಬಾಗಲದಿಂದ ಬಾ!” ಎಂದೆ.

“ಯಾವ ಗ್ವಾಡಿನಾ ಯಕ್ಕಾ? ಮನಿ ಬಿಟ್ಟು ಸಾಮಾನೆಲ್ಲಾ ಅಂಗಳಕ್ಕ ಹಾಕೀರಿ, ಮಗಾ ಸೊಸಿ ನಿನ್ನ ಹೊರಗ ಹಾಕಿದರೋ, ನೀನ ಅವರನ್ನ ಹಾಕಿದೆಯೋ?”

“ಇನ್ನೂ ಠರಾವಾಗಿಲ್ಲ. ಅದಕ್ಕ ಕೂಡೇವಿ.”

ಗಂಗವ್ವ ಪಾತ್ರೆ ಕೆಳಗಿಟ್ಟು ನೋಡುತ್ತ ನಿಂತಳು. ಮೊಸರು ಯಾರಿಗೆ ತಂದಿದ್ದಳೋ ಅವರಿಗೆ ಆ ದಿನ ಮುಟ್ಟಿರಲಿಕ್ಕಿಲ್ಲ.

ಈಗ ಮಲಗಿರಿ ಎಂದೆ. ಮೂವರೂ ಸಾಮಾನಿನ ನಡುವೆ ಕಾಲು ತೂರಿಸಿ ಮಲಗಲು ನೋಡಿದರು. ಅಳಿಯಂದಿರ ತಲೆ ಇನ್ವರ್ಟರಿನ ಮೇಲೆ, ಈರಣ್ಣನ ಕಾಲು ಗಾಡಿಯ ಹೊರಗೆ, ಶಾಂತಾಳ ಬೆನ್ನಿಗೆ ಇಸ್ತ್ರಿಪೆಟ್ಟಿಗೆ. “ನೋಡಿದೇನು,” ಎಂದ ಈರಣ್ಣ ಮಲಗಿದಲ್ಲಿಂದಲೇ, “ನಮಗ ಸಾಲವಲ್ದು. ನೀ ಎಲ್ಲಿ ಹಿಡಿಸತಿ?”

ಇಲ್ಲಿ ಒಂದು ಮಾತು ಹೇಳಬೇಕು. ನಾವು ಸಣ್ಣವರಿದ್ದಾಗ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಸವಾರಿ ಚಕ್ಕಡಿಯಲ್ಲಿ ಹೋಗುತ್ತಿದ್ದೆವು. ಮೇಲೆ ಚಾಪೆಯ ಕಮಾನು, ಒಳಗೆ ಒಂದು ಮನೆತನ. ಈಗಿನವರು ಅದನ್ನು ಕೇಳಿ ‘ಎಷ್ಟು ಚಂದ’ ಎನ್ನುತ್ತಾರೆ. ಚಂದವೇನೂ ಇರಲಿಲ್ಲ. ಚಕ್ಕಡಿಯ ಕೆಳಗೆ ಮಲಗಿದವರ ಮೈಮೇಲೆ ಅಚ್ಚಿನ ಎಣ್ಣೆ ಸೋರುತ್ತಿತ್ತು, ಮೇಲೆ ಮಲಗಿದವರಿಗೆ ಒಬ್ಬರ ಮೊಣಕೈ ಇನ್ನೊಬ್ಬರ ಹೊಟ್ಟೆಯಲ್ಲಿ, ಎತ್ತುಗಳು ಎಲ್ಲಿ ಬೇಕಾದಲ್ಲಿ ತಮ್ಮ ಕೆಲಸ ಮುಗಿಸುತ್ತಿದ್ದವು. ನಮ್ಮ ಅತ್ತಿಗೆಯ ಹೊಸ ಇಳಕಲ್ ಸೀರೆ ಹೋದದ್ದು ಹಾಗೆಯೇ. ಮತ್ತೆ ಅಂಥದ್ದು ಬೇಕೆಂದು ನಾನೇನೂ ಅಳುತ್ತಿಲ್ಲ. ಆದರೆ ಅಲ್ಲಿ ಒಂದು ಮಾತ್ರ ಕಲಿತೆ. ಉದ್ದಕ್ಕೆ ಜಾಗವಿಲ್ಲದಿದ್ದರೆ ಮನುಷ್ಯ ಅಡ್ಡ ಮಲಗಬಹುದು.

ಡ್ರೈವರನ ಸೀಟು ಬರುವ ಜಾಗದ ಬೆನ್ನಿಗೇ ಅಡ್ಡವಾಗಿ ಕೌದಿ ಹಾಸಿದೆ, ಮಲಗಿದೆ. ನಾನು ಐದು ಅಡಿ ಮುಟ್ಟುವವಳಲ್ಲ, ಗಾಡಿಯ ಅಗಲ ಏಳು. ತಲೆಯ ಕಡೆ ನನ್ನ ಚೀಲ ಇಟ್ಟರೂ ಕಾಲಿನ ಕಡೆ ಜಾಗ ಉಳಿಯಿತು. “ಈರಣ್ಣಾ, ಟೇಪ ಹಿಡದು ನೋಡಪಾ. ಉದ್ದದಾಗ ನಾ ಎಷ್ಟು ತಗೊಂಡೆ? ಎರಡು ಅಡಿ. ನನ್ನ ಹೆಸರಲೇ ಎಂಟು ತಗೊಂಡಿದ್ರಿ. ಉಳಿದ ಆರು ಯಾರ ಹೊಟ್ಟಿಗೆ ಹೋದವು?”

ಗಂಗವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆಮೇಲೆ ನಾನು ಎದ್ದು ಒಂದೊಂದೇ ಸಾಮಾನು ಗೆರೆಯ ಹೊರಗೆ ಇಡತೊಡಗಿದೆ. ಇಸ್ತ್ರಿಪೆಟ್ಟಿಗೆ ಹೊರಗೆ. ಆನೆ ಯಾರ ಸೀರೆಯ ಮಡಿಕೆಯನ್ನೂ ನೋಡುವುದಿಲ್ಲ. ವೆಲ್ಡಿಂಗ್ ಮಶಿನ್ನು ಹೊರಗೆ. ಡೇರೆಯನ್ನು ಅಳಿಯಂದಿರು ತಾವೇ ಎತ್ತಿಕೊಂಡು ಹೋದರು, ಮರ್ಯಾದಸ್ಥರು. ನೋಡನೋಡುತ್ತ ಗಾಡಿಯಲ್ಲಿ ಎಲ್ಲರ ಕಾಲೂ ಒಳಗೆ ಬಂದವು.

“ಎಲ್ಲಾ ಖರೇ,” ಎಂದ ಈರಣ್ಣ, ಇನ್ನೂ ಬಿಡದೆ. “ಪಾಯಿಖಾನಿ ಒಳಗ ಆಗಂಗಿಲ್ಲ. ಅಲ್ಲಿ ಬಯಲಿನ ಆ ತುದಿಗೆ ಕಟ್ಟ್ಯಾರಂತ. ಘಳಿಗಿ ಘಳಿಗಿಗೆ ಹತ್ತೂದು ಇಳಿಯೂದು ನಿನಗ ನೀಗತೈತೇನು?”

ಇದು ಕೇಳುವ ಮಾತೇ? ನಾನು ಬಾಗಿಲಿನಿಂದ ಇಳಿದೆ. ಹತ್ತಿದೆ. ಮತ್ತೆ ಇಳಿದೆ, ಮತ್ತೆ ಹತ್ತಿದೆ. ಸೀರೆಯ ನೆರಿಗೆ ಸಹ ಹಿಡಿಯಲಿಲ್ಲ. “ಏನು, ಕಂಡಿತೇನು?” ಎಂದೆ. ಗಂಗವ್ವ, “ಬಿಡ್ರೋ, ಯಕ್ಕ ನಿಮ್ಮನ್ನ ಹೊತಗೊಂಡ ಹತ್ತತಾಳ,” ಎಂದಳು. ಈರಣ್ಣ ಕೈ ಮುಗಿದ. ಇಪ್ಪತ್ತು ಅಡಿ, ನಾಲ್ಕು ಮಂದಿ, ಅದರಲ್ಲಿ ನಾನೊಬ್ಬಳು. ಮಾತು ಮುಗಿಯಿತು. ಹೈಸ್ಕೂಲು ಒಂದು ಕಡೆ, ಅಂಗಡಿ ಒಂದು ಕಡೆ, ಎರಡನ್ನೂ ಗೆದ್ದೆನೆಂದು ನನಗೆ ಸ್ವಲ್ಪ ಸೊಕ್ಕೇ ಬಂತೆನ್ನಿ.

ಆ ಸೊಕ್ಕಿನಲ್ಲೇ ಊಟಕ್ಕೆ ಕುಳಿತಿದ್ದೆ. ಈರಣ್ಣ ರೊಟ್ಟಿ ಮುರಿಯುತ್ತ ಅಳಿಯಂದಿರಿಗೆ ಗಾಡಿಯ ಟಾಕಿ ಎಲ್ಲಿ ಬರುತ್ತದೆಂದು ವಿವರಿಸುತ್ತಿದ್ದ. “ಟಾಕಿ ಕೆಳಗ ಹಾಕಿದ ಮ್ಯಾಲ ಗಾಡೀ ಫ್ಲೋರು ನನ್ನ ಸೊಂಟದ ಮಟ ಬರತೈತಿ ನೋಡ್ರಿ,” ಎಂದ.

ಈರಣ್ಣನ ಸೊಂಟವೆಂದರೆ ನನ್ನ ಎದೆ. ನಾನು ಅಗಿಯುವುದನ್ನು ನಿಲ್ಲಿಸಿದೆ. ಸುಣ್ಣದ ಗೆರೆಗೆ ಉದ್ದವಿರುತ್ತದೆ, ಅಗಲವಿರುತ್ತದೆ, ಎತ್ತರವೆಲ್ಲಿಂದ ಬರಬೇಕು? ಇಡೀ ಮನೆತನ ಉದ್ದದ ಸಲುವಾಗಿ ಬಡಿದಾಡಿತು, ಎತ್ತರದ ಮಾತನ್ನು ಯಾರೂ ಎತ್ತಲಿಲ್ಲ. ನಾನು ಎಲ್ಲರ ಮುಂದೆ ಠೀವಿಯಿಂದ ಹತ್ತಿ ಇಳಿದದ್ದು ಬರೀ ನೆಲ. ಒಬ್ಬರಿಗೂ ಅದು ಹೊಳೆಯಲಿಲ್ಲ, ಹೈಸ್ಕೂಲಿಗೂ ಹೊಳೆಯಲಿಲ್ಲ. ನಾನು ಸುಮ್ಮನೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮರುದಿನ ಮುಂಜಾನೆ, ನನ್ನ ಕನ್ನಡಕದ ಕಡ್ಡಿ ಸಡಿಲಾಗಿದೆ, ಸರಿಮಾಡಿಸಿಕೊಂಡು ಬರುತ್ತೇನೆ ಎಂದು ಶಾಂತಾಳಿಗೆ ಹೇಳಿ, ಈರಣ್ಣ ಜಳಕಕ್ಕೆ ಹೋಗುವುದನ್ನೇ ಕಾದು ಬಸ್ಸು ಹತ್ತಿ ಗಜೇಂದ್ರಗಡದ ಅಂಗಡಿಗೆ ಹೋದೆ. ವೆಲ್ಡಿಂಗ್ ಮಾಡುವ ಮೌಲಾಸಾಬ ಒಬ್ಬನೇ ಇದ್ದ. ಮೈ ಬಿಚ್ಚಿ, ಟಾಕಿಗೆಂದು ಫ್ಲೋರು ಎತ್ತರಿಸಿದ ಗಾಡಿ ನಡುವೆ ನಿಂತಿತ್ತು. ಹತ್ತಿರ ಹೋಗಿ ನಿಂತೆ. ಫ್ಲೋರು ಎದೆಗಲ್ಲ, ಹೆಗಲಿಗೇ ಬಂತು.

“ಮೌಲಾ, ಇದಕ್ಕ ಮೆಟ್ಟಲಾ ಎಲ್ಲೈತೋ?”

“ಮೆಟ್ಟಲಾ ಹೇಳೇ ಇಲ್ಲರೀ ಅವ್ವಾರ. ಜಿಗದ ಹತ್ತತಾರಂತ ಎಲ್ಲಾರೂ.”

“ನಾಕ ಮೆಟ್ಟಲಾ ಮಾಡು. ಒಳಗ ಮಡಚಿ ಹೋಗಬೇಕು, ಗಾಡಿ ಉದ್ದ ಒಂದ ಬೆರಳೂ ಹೆಚ್ಚಾಗಬಾರದು. ಬಾಜೂಕ ಹಿಡಿಯಾಕ ಒಂದು ಪೈಪು.”

“ಯಾರ ಸಲುವಾಗಿ ಅಂತ ಈರಣ್ಣಾರ ಕೇಳಿದರ?”

“ಶಾಂತಾನ ಸಲುವಾಗಿ ಅನ್ನು. ಆಕೀ ಮೊಣಕಾಲ ಭಾಳ ನೋಯ್ತಾವು.”

“ಶಾಂತಕ್ಕಾರದಾ? ನಿನ್ನೆರೇ ಸ್ಕೂಟಿ ಒದ್ದು ಸ್ಟಾರ್ಟ್ ಮಾಡಿದ್ರಲ್ಲರೀ!”

“ನೋಯ್ತಾವು. ಆಕೀಗೆ ಇನ್ನೂ ಗೊತ್ತಿಲ್ಲ.”

ಮೌಲಾಸಾಬ ನಗು ನುಂಗಿ ಕಟ್ಟಿಗೆಯ ದಿಮ್ಮಿಗಳನ್ನು ಒಂದರ ಮೇಲೊಂದು ಇಟ್ಟ. ಮೆಟ್ಟಿಲಿನ ಅಳತೆ ನನ್ನ ಕಾಲಿನದೇ ಇರಲೆಂದು ಗಾಡಿಯ ಕಬ್ಬಿಣ ಹಿಡಿದುಕೊಂಡು ದಿಮ್ಮಿಗಳ ಮೇಲೆ ಕಾಲಿಟ್ಟು, ದೇವರನ್ನು ನೆನೆಯದೆ ಯಾರ್ಯಾರನ್ನೋ ಬೈದುಕೊಳ್ಳುತ್ತ ಹತ್ತಿದೆ. ಮೇಲೆ ಮುಟ್ಟಿ ಕುಳಿತು ಉಸಿರು ಬಿಡುವಷ್ಟರಲ್ಲಿ ಈರಣ್ಣನ ಮೋಟರ್ ಸೈಕಲ್ ಸಪ್ಪಳ ಕೇಳಿತು. “ದಿಮ್ಮಿ ತಗೀ, ತಗೀ!” ಎಂದೆ. ಮೌಲಾಸಾಬ ಎಲ್ಲ ಎತ್ತಿ ಮೂಲೆಗೆ ಒಗೆದ.

“ಅವ್ವಾ! ಮ್ಯಾಲ ಹ್ಯಾಂಗ ಹತ್ತಿದಿ?”

“ಕಾಲೀಲೆ.”

ಈರಣ್ಣ ಮೌಲಾಸಾಬನ ಕಡೆ ನೋಡಿದ. ಮೌಲಾಸಾಬ ವೆಲ್ಡಿಂಗಿನ ಮುಖವಾಡ ಕೆಳಗೆಳೆದುಕೊಂಡ. “ಹಂಗಾದರ ನೀ ಬರೂದ ಖರೇ ಬಿಡು,” ಎಂದು ಈರಣ್ಣ ತಲೆ ತುರಿಸಿಕೊಂಡ. “ಇಳದ ಬಾ, ಚಾ ಕುಡಿಯೂಣು.”

ನಾನು ಕೆಳಗೆ ಒಮ್ಮೆ, ಮೂಲೆಗೆ ಬಿದ್ದ ದಿಮ್ಮಿಗಳ ಕಡೆ ಒಮ್ಮೆ ನೋಡಿದೆ. ಸೆರಗು ಸರಿಮಾಡಿಕೊಂಡು ಅಲ್ಲೇ ಇನ್ನಷ್ಟು ಗಟ್ಟಿಯಾಗಿ ಕುಳಿತೆ.

“ಚಾ ಇಲ್ಲಿಗೇ ತರಸು,” ಎಂದೆ. “ನಾ ಇನ್ನೂ ಉದ್ದ ನೋಡೂದೈತಿ.”